ಒಸಗೆಯಮ್ಮ: ಕಲ್ಪಿತ ಲೋಕಕ್ಕೊಬ್ಬ ದೇವತೆಯನ್ನು ಕಟ್ಟಿದ ಅನುಭವ

ಕಲ್ಪಿತ ಲೋಕವೊಂದನ್ನು ಕಟ್ಟಲು ಕುಳಿತವರು ಯುದ್ಧದ ದೇವರಿಗೆ, ಸಾವಿನ ದೇವರಿಗೆ, ಕಡಲಿನ ದೇವರಿಗೆ ಸಿಟ್ಟು ಸೆಡವು, ಹಳೆಯ ಹಗೆ, ಮುಚ್ಚಿಟ್ಟ ಗುಟ್ಟು ಎಲ್ಲವನ್ನೂ ಧಾರಾಳವಾಗಿ ಕೊಡುತ್ತಾರೆ. ಜೀವ, ಚಿಕಿತ್ಸೆ ಮತ್ತು ಕುಟುಂಬಗಳ ದೇವತೆಯ ಸರದಿ ಬಂದಾಗ ಮಾತ್ರ ನಗುಮುಖ, ಹಸಿರು ನಿಲುವಂಗಿ, ಗಾಯ ಮಾಯಿಸುವ ಕೈ ಎಂದು ಎರಡು ಸಾಲು ಬರೆದು ಮುಂದಕ್ಕೆ ಹೋಗಿಬಿಡುತ್ತಾರೆ. ಒಬ್ಬರು ಕಥೆ ನಡೆಸುತ್ತ, ಉಳಿದವರು ಅದರೊಳಗಿನ ಒಂದೊಂದು ಪಾತ್ರವಾಗಿ ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯದ ಆಟವೊಂದನ್ನು ಗೆಳೆಯರಿಗಾಗಿ ನಡೆಸುವ ನಾನು, ಅದರ ಲೋಕಕ್ಕೆ ಬೇಕಾಗಿದ್ದ ಇಂಥದೇ ದೇವತೆಯೊಬ್ಬಳನ್ನು ಸ್ವಲ್ಪ ಬೇರೆ ದಾರಿಯಲ್ಲಿ ಕಟ್ಟಿದೆ. ಅವಳ ಹೆಸರು ಒಸಗೆ. ಆ ಲೋಕದ ಜನರ ಬಾಯಲ್ಲಿ ಒಸಗೆಯಮ್ಮ. ಅವಳಿಗೆ ಒಪ್ಪಿಸಿದ ಮೂರು ಅಧಿಕಾರಗಳು ಮೇಲ್ನೋಟಕ್ಕೆ ಒಂದೇ ಎನ್ನಿಸಿದರೂ ಒಳಗೊಳಗೆ ಒಂದಕ್ಕೊಂದು ಅಡ್ಡ ಬರುತ್ತವೆ, ದೇವತೆಗೆ ಕಳೆ ಬರುವುದೇ ಆ ತಿಕ್ಕಾಟದಿಂದ ಎಂಬುದು ನಾನು ಹಿಡಿದುಕೊಂಡ ಎಳೆ.

ಹುಣ್ಣಿನಲ್ಲಿ ಹರಿದಾಡುವ ಹುಳುವಿಗೂ ಜೀವವಿದೆ, ಚಿಕಿತ್ಸೆಯೆಂದರೆ ಆ ಹುಳುವನ್ನು ಕೊಲ್ಲುವುದು. ಹೆರಿಗೆ ಕಷ್ಟವಾಗಿ ತಾಯಿಯೋ ಮಗುವೋ ಎಂಬ ಪ್ರಶ್ನೆ ಎದ್ದಾಗ ಜೀವದ ದೇವತೆ ಬಾಯಿ ಬಿಡಲಾರಳು. ಕುಟುಂಬದ ದೇವತೆ ಉತ್ತರ ಹೇಳಿಬಿಡಬಹುದು, ಆದರೆ ಆ ಉತ್ತರ ಹೆರುವವಳ ಪಾಲಿಗೆ ಕ್ರೂರವಾಗಿರಬಹುದು. ಹಾಸಿಗೆ ಹಿಡಿದ ಮುದುಕ ಇನ್ನು ಸಾಕು ಎನ್ನುತ್ತಿರುವಾಗ ಮಕ್ಕಳು ಬಿಟ್ಟುಕೊಡಲು ಒಪ್ಪದಿದ್ದರೆ ಪೂಜಾರಿಣಿ ಯಾರ ಮಾತು ಕೇಳಬೇಕು? ಇಂಥ ಪ್ರಶ್ನೆಗಳನ್ನು ಮೊದಲು ಬರೆದಿಟ್ಟುಕೊಂಡು, ಅವಕ್ಕೆ ಆ ಲೋಕದ ಜನ ಕಂಡುಕೊಂಡ ಉತ್ತರಗಳನ್ನೇ ವಿಧಿಗಳನ್ನಾಗಿ, ಕಟ್ಟಳೆಗಳನ್ನಾಗಿ ಬೆಳೆಸಿದೆ. ವೇಷಭೂಷಣ, ಹಬ್ಬಗಳ ದಿನಗಳು, ಸ್ತೋತ್ರಗಳು ಕೊನೆಯಲ್ಲಿ ಬಂದವು; ಅವುಗಳ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ.

ಹಳೆಯ ನಾಗರಿಕತೆಗಳು ಇಂಥ ದೇವತೆಗಳನ್ನು ಹೇಗೆ ಕಂಡಿದ್ದವು ಎಂದು ಓದಿದಾಗ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ದೇವತೆಗಳ ಕರುಣೆಗಿಂತ ಅವರ ಬಗ್ಗೆ ಜನರಿಗಿದ್ದ ಭಯ. ಈಜಿಪ್ಟಿನ ಸೆಖ್ಮೆತ್ ಸಿಂಹಿಣಿಯ ತಲೆಯುಳ್ಳವಳು, ಪಿಡುಗನ್ನು ಕಳಿಸುವವಳು. ಅವಳ ಅರ್ಚಕರ ಹೆಸರು ವೈದ್ಯರ ಜೊತೆಜೊತೆಗೆ ಆ ದೇಶದ ಹಳೆಯ ವೈದ್ಯಗ್ರಂಥಗಳಲ್ಲಿ ಬರುತ್ತದೆ. ಮೆಸೊಪೊಟೇಮಿಯಾದ ನಿನ್‌ಕರಕ್ ಗುಣಪಡಿಸುವ ದೇವತೆ, ಆದರೂ ಕ್ರಿ.ಪೂ. 18ನೆಯ ಶತಮಾನದ ಬ್ಯಾಬಿಲೋನಿನ ದೊರೆ ಹಮ್ಮುರಬಿಯ ಶಾಸನದ ಕೊನೆಯಲ್ಲಿ ಅವಳನ್ನು ಕರೆಯುವುದು ಶಾಪ ಕೊಡಿಸಲು: ಈ ಶಾಸನವನ್ನು ಕೆಡಿಸಿದವನಿಗೆ ಯಾವ ವೈದ್ಯನಿಗೂ ತಿಳಿಯದ, ಯಾವ ಪಟ್ಟಿಗೂ ಬಗ್ಗದ ಗಾಯವಾಗಲಿ ಎಂದು. ಗಾಯ ಮಾಯಿಸಬಲ್ಲವಳು ಮಾಯದಂತೆ ಇಡಲೂ ಬಲ್ಲಳು ಎಂಬ ಈ ಸರಳ ತರ್ಕ ನನ್ನ ಲೋಕದ ರಾಜಕೀಯವನ್ನೇ ಬದಲಿಸಿತು. ಅಲ್ಲಿ ರಾಜರ ನಡುವಿನ ಒಪ್ಪಂದಗಳಿಗೆ ಯುದ್ಧದ ದೇವರು ಸಾಕ್ಷಿಯಲ್ಲ, ಒಸಗೆಯಮ್ಮ ಸಾಕ್ಷಿ. ಎರಡೂ ಕಡೆಯವರು ಅಂಗೈ ಗೀರಿಕೊಂಡು ಮಾತು ಕೊಡುತ್ತಾರೆ, ಮಾತಿಗೆ ತಪ್ಪಿದವನ ಗೀರು ಮತ್ತೆ ಬಾಯಿ ತೆರೆಯುತ್ತದೆ. ಕೈಗವಸು ತೊಟ್ಟ ದೊರೆಯನ್ನು ಕಂಡರೆ ಆ ಲೋಕದಲ್ಲಿ ಎಲ್ಲರಿಗೂ ಅನುಮಾನ.

ಗುಡಿಯನ್ನು ರೂಪಿಸುವಾಗ ಗ್ರೀಸಿನ ಎಪಿಡಾರಸ್ ನೆರವಾಯಿತು. ಅಸ್ಕ್ಲೀಪಿಯಸ್ ದೇವನ ಆ ಕ್ಷೇತ್ರಕ್ಕೆ ಬಂದ ರೋಗಿಗಳು ಒಂದು ವಿಶೇಷ ಮಂಟಪದಲ್ಲಿ ಮಲಗಿ, ಕನಸಿನಲ್ಲಿ ಬಂದ ದೇವರಿಂದ ಚಿಕಿತ್ಸೆ ಪಡೆಯುತ್ತಿದ್ದರೆಂಬುದು ಅನೇಕರಿಗೆ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಕ್ರಿ.ಶ. 2ನೆಯ ಶತಮಾನದ ಪ್ರವಾಸಿ ಪೌಸಾನಿಯಸ್ ಬರೆದಿಟ್ಟ ಇನ್ನೊಂದು ಸಂಗತಿ: ಆ ಆವರಣದೊಳಗೆ ಯಾರೂ ಸಾಯುವಂತಿರಲಿಲ್ಲ, ಯಾರೂ ಹೆರುವಂತಿರಲಿಲ್ಲ, ಅದರಿಂದ ಜನ ಪಡುತ್ತಿದ್ದ ಪಾಡನ್ನು ಕಂಡು ರೋಮಿನ ಧನಿಕನೊಬ್ಬ ಹೆರಿಗೆಗೂ ಸಾವಿಗೂ ಸಲ್ಲುವ ಕಟ್ಟಡವೊಂದನ್ನು ಕಟ್ಟಿಸಿಕೊಟ್ಟ. ಗುಣವಾಗುವವರಿಗಷ್ಟೇ ಬಾಗಿಲು ತೆರೆದ ಗುಡಿಯದು. ನಾನು ಇದನ್ನು ಪೂರ್ತಿ ತಿರುವಿ ಹಾಕಿದೆ. ಒಸಗೆಯಮ್ಮನ ಗುಡಿಯಲ್ಲಿ ಹೆರಿಗೆಯ ಕೋಣೆಗೂ ಸಾಯುವವರ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ, ಆ ಗೋಡೆಯಲ್ಲಿ ಎದೆಯೆತ್ತರಕ್ಕೆ ಒಂದು ಕಿಂಡಿ. ಮಗುವಿನ ಮೊದಲ ಅಳು ಆಚೆ ಬದಿಯವರಿಗೆ ಕೇಳಬೇಕೆಂಬುದು ಕಟ್ಟುವವರಿಗೆ ಹಾಕಿದ ನಿಯಮ. ಸಾವಿನ ದೇವರು ಅವಳ ತಮ್ಮ, ಅದೇ ಮನೆಯವನು. ಇಬ್ಬರನ್ನೂ ಶತ್ರುಗಳನ್ನಾಗಿಸುವ ಹಳಸಲು ಜಾಡಿಗೆ ನಾನು ಹೋಗಲಿಲ್ಲ.

ಪೂಜಾರಿಣಿಯರ ಮೊದಲ ವ್ರತ ಕೈತೊಳೆಯುವುದು. ಬೂದಿಯ ತಿಳಿನೀರಿನಲ್ಲಿ ಮೊಣಕೈವರೆಗೆ ತೊಳೆದು, ಒರೆಸದೆ, ಕೈ ಒಣಗುವವರೆಗೆ ಮಂತ್ರ ಹೇಳಿ ಆಮೇಲಷ್ಟೇ ರೋಗಿಯನ್ನು ಮುಟ್ಟಬೇಕು. ಇದರಲ್ಲಿ ಮಾಯೆ ಎಳ್ಳಷ್ಟೂ ಇಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಇಗ್ನಾಟ್ಸ್ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಹೆಣ ಕೊಯ್ದು ನೇರವಾಗಿ ಬಾಣಂತಿಯರ ಬಳಿಗೆ ಬರುತ್ತಿದ್ದ ವೈದ್ಯರಿಗೂ ವಿದ್ಯಾರ್ಥಿಗಳಿಗೂ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದಾಗ, ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜುಲೈ ಹೊತ್ತಿಗೆ ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು. ಇಂಥ ಒಂದು ಕ್ರಮವನ್ನು ಧರ್ಮದ ಕಟ್ಟಳೆಯಾಗಿ ಸಾವಿರ ವರ್ಷ ಪಾಲಿಸಿದ ಸಮಾಜ ಹೇಗಿರುತ್ತದೆ ಎಂದು ಯೋಚಿಸುವುದು ಮಂತ್ರದಂಡಕ್ಕಿಂತ ಕುತೂಹಲಕಾರಿ. ಆಧುನಿಕ ವೈದ್ಯಕೀಯ ಬರುವ ಮೊದಲು ಎಲ್ಲೆಡೆ ಹುಟ್ಟಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ದೊಡ್ಡವರಾಗುವ ಮೊದಲೇ ಸಾಯುತ್ತಿದ್ದವು. ಆ ಮಕ್ಕಳೆಲ್ಲ ಬದುಕಿ ಉಳಿದರೆ ಹೊಲ ಹಂಚಿ ಹಂಚಿ ಸಾಲುವುದಿಲ್ಲ, ಕಿರಿಯ ಮಕ್ಕಳು ಗುಳೆ ಹೋಗಬೇಕಾಗುತ್ತದೆ, ಕಾಡು ಕಡಿಯಬೇಕಾಗುತ್ತದೆ. ನನ್ನ ಲೋಕದ ಗಡಿಯುದ್ಧಗಳಿಗೆಲ್ಲ ಮೂಲಕಾರಣ ಈ ದೇವತೆಯ ಕೃಪೆಯೇ.

ಮಾಯೆಯಿಂದ ಗುಣಪಡಿಸುವುದಕ್ಕೆ ಏನು ಬೆಲೆ ಎಂಬುದು ಇಡೀ ಕೆಲಸದ ನಡುಗಂಬ. ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ 2014ರ ಐದನೆಯ ಆವೃತ್ತಿಯಲ್ಲಿ ಸತ್ತವರನ್ನು ಎಬ್ಬಿಸುವ ಮಂತ್ರಕ್ಕೆ 500 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು. ಆಟದ ತೂಕ ಕಾಪಾಡಲು ಅದು ಜಾಣ ಉಪಾಯ, ಆದರೆ ಹಣವಿದ್ದವನಿಗೆ ಸಾವಿಲ್ಲ ಎಂದಾದ ಮೇಲೆ ಅದು ವ್ಯಾಪಾರದ ದೇವರ ಕೃಪೆಯೇ ಹೊರತು ಕುಟುಂಬದ ದೇವತೆಯದಲ್ಲ. ನಾನು ಬೆಲೆಯನ್ನು ಕುಟುಂಬದ ಮೇಲೆಯೇ ಹಾಕಿದೆ. ಒಸಗೆಯಮ್ಮನ ಪೂಜಾರಿಣಿ ನೋವನ್ನು ಅಳಿಸುವುದಿಲ್ಲ, ಹಂಚುತ್ತಾಳೆ. ಮೂರೆಳೆಯ ಬಿಳಿ ನೂಲಿನ ಒಂದು ತುದಿ ರೋಗಿಯ ಮಣಿಕಟ್ಟಿಗೆ, ಇನ್ನೊಂದು ತುದಿ ಹೊರುವವನ ಮಣಿಕಟ್ಟಿಗೆ. ಅಣ್ಣನ ಮುರಿದ ಕಾಲು ಕೂಡಿಕೊಂಡರೆ ತಮ್ಮ ಒಂದು ಮಳೆಗಾಲ ಕುಂಟುತ್ತಾನೆ. ಆಟದ ಲೆಕ್ಕದಲ್ಲಿ ಹೇಳುವುದಾದರೆ 12 ಅಂಕದ ಗಾಯವನ್ನು ಮೂವರು ಹೊತ್ತರೆ ತಲಾ ನಾಲ್ಕು ಅಂಕ. ಹೊರುವವನು ತನ್ನ ಗಂಟನ್ನು ತಾನೇ, ಒಂದು ಕೈ ಮತ್ತು ಹಲ್ಲು ಬಳಸಿ ಹಾಕಿಕೊಳ್ಳಬೇಕು, ಬೇರೆಯವರು ಮುಟ್ಟಿದರೆ ಅದು ನಿಲ್ಲುವುದಿಲ್ಲ. ಮನಸ್ಸಿಲ್ಲದವನ ಮೇಲೆ ಹೊರೆ ಬೀಳಬಾರದೆಂದು ಇಟ್ಟ ನಿಯಮವಿದು. ಮೇಜಿನ ಮೇಲೆ ನಿಜವಾದ ನೂಲಿನ ತುಂಡುಗಳನ್ನೇ ಇಡುತ್ತೇನೆ. ಒಂದೇ ಕೈಯಲ್ಲಿ ನೂಲು ಸುತ್ತಿ, ತುದಿಯನ್ನು ಹಲ್ಲಿನಿಂದ ಎಳೆದು ಗಂಟು ಬಿಗಿಯುವಷ್ಟರಲ್ಲಿ ಆಡುವವರಿಗೆ ಬೇಡ ಎನ್ನಲು ಸಾಕಷ್ಟು ಸಮಯ ಸಿಗುತ್ತದೆ, ಕೆಲವರು ಹೇಳಿಯೂ ಇದ್ದಾರೆ.

ಗಂಟಿನ ಯೋಚನೆ ನನಗೆ ಬಂದದ್ದು ರೋಮಿನ ಹೆರಿಗೆಯ ದೇವತೆ ಜೂನೋ ಲೂಸಿನಾಳಿಂದ. ಮೈಮೇಲೆ ಎಲ್ಲಿಯಾದರೂ ಗಂಟಿದ್ದರೆ ಅವಳ ವಿಧಿಗೆ ಹೋಗುವಂತಿರಲಿಲ್ಲ, ಬಸುರಿಯರು ಜಡೆ ಬಿಚ್ಚಿ ಪ್ರಾರ್ಥಿಸುತ್ತಿದ್ದರು. ಒಸಗೆಯಮ್ಮನ ಭಕ್ತರೂ ಹೆರಿಗೆಯ ಹೊತ್ತಿಗೆ ಮನೆಯ ಗಂಟುಗಳನ್ನೆಲ್ಲ ಬಿಚ್ಚುತ್ತಾರೆ, ದನದ ಹಗ್ಗವನ್ನೂ ಬಿಡುವುದಿಲ್ಲ. ಮಗು ಹುಟ್ಟಿದ ಮೇಲೆ ಹಾಕುವ ಮೊದಲ ಗಂಟು ಹೊಕ್ಕುಳಬಳ್ಳಿಯದು. ಹೆರಿಗೆಗೆ ಬಿಚ್ಚು, ಚಿಕಿತ್ಸೆಗೆ ಕಟ್ಟು ಎಂಬ ಎರಡು ಮಾತಿನಲ್ಲಿ ಅವಳ ಪೂಜಾವಿಧಿಯೆಲ್ಲ ಅಡಗಿದೆ.

ಈ ಒಂದು ನಿಯಮದಿಂದ ಹುಟ್ಟಿಕೊಂಡ ಸಮಸ್ಯೆಗಳನ್ನು ನಾನು ತಡೆಯಲಿಲ್ಲ, ಬೆಳೆಯಲು ಬಿಟ್ಟೆ. ಮನೆಮಂದಿ ಹೆಚ್ಚಿದ್ದಷ್ಟೂ ನೋವು ಹಗುರ, ಹೀಗಾಗಿ ಒಟ್ಟು ಕುಟುಂಬಗಳು ಬಲಿಷ್ಠ, ಒಂಟಿ ಜೀವಗಳು ದಿಕ್ಕಿಲ್ಲದವು. ಅನಾಥನ ಜ್ವರವನ್ನು ಯಾರು ಹೊರಬೇಕು? ಗುಡಿ ಅವನಿಗೆ ಬಂಧುಗಳನ್ನು ಮಾಡಿಕೊಡಬೇಕು. ಹಾಗೆ ದತ್ತು ತೆಗೆದುಕೊಳ್ಳುವುದು ಪೂಜಾರಿಣಿಯರ ಮುಖ್ಯ ಕೆಲಸವಾಯಿತು. ಇದಕ್ಕೆ ಬೆಂಬಲವಾಗಿ ಬೌದ್ಧ ಪರಂಪರೆಯ ಹಾರೀತಿ ಕಣ್ಣ ಮುಂದೆ ಇದ್ದಳು. ಊರಿನ ಮಕ್ಕಳನ್ನು ಕದ್ದು ತಿನ್ನುತ್ತಿದ್ದ ಯಕ್ಷಿಣಿ, ತನ್ನ 500 ಮಕ್ಕಳಲ್ಲಿ ಕಿರಿಯವನನ್ನು ಬುದ್ಧ ಅಡಗಿಸಿಟ್ಟಾಗ ಕಂಗಾಲಾಗಿ, ಒಂದೇ ಮಗುವಿರುವ ತಾಯಂದಿರ ಸಂಕಟ ಎಂಥದೆಂದು ತಿಳಿದು, ಎಲ್ಲ ಮಕ್ಕಳ ಕಾವಲುಗಾತಿಯಾದಳು. ಕೂಸನ್ನೆತ್ತಿಕೊಂಡ ಅವಳ ಚಿತ್ರ ಭಾರತದ ವಿಹಾರಗಳಲ್ಲಿ ಊಟದ ಶಾಲೆಯ ಮೂಲೆಯಲ್ಲೋ ಬಾಗಿಲ ಬಳಿಯಲ್ಲೋ ಇರುತ್ತಿತ್ತೆಂದು 7ನೆಯ ಶತಮಾನದ ಚೀನೀ ಯಾತ್ರಿಕ ಇತ್ಸಿಂಗ್ ದಾಖಲಿಸಿದ್ದಾನೆ. ಹೆತ್ತ ಮಕ್ಕಳ ಮೇಲಿನ ಮಮತೆಯೇ ಪರರ ಮಕ್ಕಳ ಪಾಲಿಗೆ ಹಲ್ಲಾಗಬಲ್ಲದು ಎಂಬ ಸತ್ಯ ಕುಟುಂಬದ ದೇವತೆಯೊಳಗೆ ಎಲ್ಲೋ ಒಂದು ಕಡೆ ಇರಲೇಬೇಕೆಂದು ನನಗೆ ಅನ್ನಿಸುತ್ತದೆ.

ಹಾಗಾಗಿ ಅವಳ ಹಕ್ಕಿ ಕಾಗೆ. ಕೋಗಿಲೆ ತನ್ನ ಮೊಟ್ಟೆಯನ್ನು ಕಾಗೆಯ ಗೂಡಿನಲ್ಲಿ ಇಡುತ್ತದೆ, ಕಾಗೆ ಆ ಮರಿಗೆ ಗುಟುಕು ಕೊಟ್ಟು ಸಾಕುತ್ತದೆ. ಅದೇ ಕಾಗೆ ಹೆಣವನ್ನೂ ಕುಕ್ಕುತ್ತದೆ. ಈ ಹಕ್ಕಿಯ ಸುತ್ತಲೇ ಧರ್ಮದೊಳಗಿನ ಒಡಕನ್ನು ಕಟ್ಟಿದೆ. ಗಂಟಿನವರು ಎನ್ನಿಸಿಕೊಂಡ ಮೂಲ ಪಂಥದವರ ಪ್ರಕಾರ ಕಾಗೆಗೆ ಅದು ತನ್ನ ಮರಿಯಲ್ಲವೆಂದು ಗೊತ್ತು, ಗೊತ್ತಿದ್ದೇ ಸಾಕುತ್ತದೆ. ನೆತ್ತರಿನವರು ಎಂಬ ಪಂಗಡದವರ ಪ್ರಕಾರ ಕಾಗೆ ಮೋಸಹೋಗಿದೆ, ಕುಟುಂಬವೆಂದರೆ ರಕ್ತಸಂಬಂಧ ಮಾತ್ರ, ದತ್ತು ಮಕ್ಕಳ ಗಂಟು ದೇವತೆಗೆ ಮಾಡುವ ವಂಚನೆ. ಆಟಗಾರರು ನೆತ್ತರಿನವರನ್ನು ಖಳರೆಂದೇ ಎಣಿಸಿ ಹೊರಟಿದ್ದರು. ಆದರೆ ಸಿರಿವಂತರು ಬಡವರ ಮಕ್ಕಳನ್ನು ಗುಂಪುಗುಂಪಾಗಿ ದತ್ತು ಪಡೆದು, ಅವರಿಗೆ ಊಟ ಬಟ್ಟೆ ಕೊಟ್ಟು, ತಮ್ಮ ಸಂಧಿವಾತವನ್ನೂ ಕುಡಿತದ ಕಾಯಿಲೆಗಳನ್ನೂ ಅವರ ಮೇಲೆ ಹೊರಿಸುವ ಪದ್ಧತಿಯೊಂದು ಆ ಲೋಕದಲ್ಲಿ ಬೆಳೆದಿದೆ. ಗಂಟನ್ನು ಮಕ್ಕಳು ತಾವಾಗಿಯೇ ಹಾಕಿಕೊಳ್ಳುತ್ತಾರೆ, ನಿಯಮಕ್ಕೆ ಎಲ್ಲೂ ಕುಂದಿಲ್ಲ. ಹಸಿದವನ ಒಪ್ಪಿಗೆಯೂ ಒಪ್ಪಿಗೆಯೇ ಎಂದು ದೇವತೆ ಸುಮ್ಮನಿದ್ದಾಳೆ. ಇದನ್ನು ನಿಲ್ಲಿಸಬೇಕೆಂದು ಮೊದಲು ದನಿಯೆತ್ತಿದವರು ನೆತ್ತರಿನವರು. ಇದು ತಿಳಿದ ಮೇಲೆ ಆಟದ ದಿಕ್ಕೇ ಬದಲಾಯಿತು. ಗುಡಿಯ ಪರವಾಗಿ ಕತ್ತಿ ಹಿಡಿದಿದ್ದ ಪಾತ್ರವೊಂದು ಆ ದತ್ತು ಮಕ್ಕಳ ಕೈಯ ನೂಲು ಕತ್ತರಿಸಲು ಹೊರಟಿತು.

ಸತ್ತವರನ್ನು ಎಬ್ಬಿಸುವ ವಿಷಯವನ್ನು ನಾನು ಕೊನೆಯವರೆಗೂ ಮುಂದೂಡಿದ್ದೆ. ಅಸ್ಕ್ಲೀಪಿಯಸ್ ಸತ್ತವರನ್ನು ಎಬ್ಬಿಸಿದ್ದಕ್ಕೆ ಗ್ರೀಕ್ ದೇವತೆಗಳ ಒಡೆಯ ಜೀಯಸ್ ಸಿಡಿಲು ಹೊಡೆದು ಅವನನ್ನು ಕೊಂದ ಎಂಬ ಕಥೆ ಹೊರಗಿನಿಂದ ಬಂದ ಶಿಕ್ಷೆಯ ಕಥೆ. ನನಗೆ ಬೇಕಾಗಿದ್ದು ಅವಳ ನಿಯಮದೊಳಗಿಂದಲೇ ಬರುವ ಮಿತಿ. ಊರಿಗೆ ಊರೇ ನೂಲು ಕಟ್ಟಿಕೊಂಡರೆ ಒಂದು ಸಾವನ್ನೂ ಹಂಚಿಕೊಳ್ಳಬಹುದಲ್ಲವೇ, ತಲಾ ಒಂದು ದಿನದ ಆಯುಸ್ಸು ಹೋದರೆ ಯಾರಿಗೆ ನಷ್ಟ ಎಂದು ಆಟಗಾರ್ತಿಯೊಬ್ಬರು ಕೇಳಿದ್ದು ನ್ಯಾಯವಾಗಿಯೇ ಇತ್ತು. ನೋವಿಗೆ ಅಳತೆಯಿದೆ, ಸಾವಿಗೆ ಇಲ್ಲ, ಆದ್ದರಿಂದ ಅದು ಪಾಲಾಗುವುದಿಲ್ಲ ಎಂದು ತೀರ್ಮಾನಿಸಿದೆ: ಸತ್ತವನ ಮಣಿಕಟ್ಟಿಗೆ ಕಟ್ಟಿದ ನೂಲಿನ ಇನ್ನೊಂದು ತುದಿಯಲ್ಲಿ ಎಷ್ಟು ಜನರಿದ್ದರೂ ಅಷ್ಟೂ ಜನರಿಗೆ ಪೂರ್ತಿ ಸಾವೇ ಬರುತ್ತದೆ. ಹೊರುವವನು ಒಬ್ಬನೇ ಇದ್ದರೆ ಒಂದು ಜೀವಕ್ಕೆ ಒಂದು ಜೀವ, ಮತ್ತು ಅದನ್ನು ಗುಡಿ ತಡೆಯುವುದಿಲ್ಲ. ಮಗನಿಗಾಗಿ ಗಂಟು ಹಾಕಿಕೊಳ್ಳುವ ತಾಯಿಯನ್ನು ತಡೆಯುವ ಅಧಿಕಾರ ತನಗಿಲ್ಲವೆಂದು ಗುಡಿ ಹೇಳುತ್ತದೆ. ಇದೇ ಸಡಿಲಿಕೆಯನ್ನು ಹಿಡಿದು ಮುದಿ ದೊರೆಯೊಬ್ಬ ತನ್ನ ದತ್ತು ಮಕ್ಕಳ ಪಟ್ಟಿಯನ್ನು ಉದ್ದ ಮಾಡುತ್ತಿದ್ದಾನೆ. ಆಟ ಈಗ ಅವನ ಕೋಟೆಯ ಬಾಗಿಲವರೆಗೆ ಬಂದಿದೆ. ಪಟ್ಟಿಯಲ್ಲಿ ಹೆಸರಿರುವ ಹುಡುಗರಲ್ಲಿ ಒಬ್ಬ ತಾನಾಗಿಯೇ ಗಂಟು ಹಾಕಿಕೊಳ್ಳಲು ಸಿದ್ಧನಿದ್ದಾನೆ, ಏಕೆಂದರೆ ಅವನಿಗೆ ಆ ಮುದುಕನ ಮೇಲೆ ನಿಜವಾಗಿಯೂ ಪ್ರೀತಿಯಿದೆ.