ಆನ್ ಆರ್ಬರ್‌ನ ಬೇಸಿಗೆ: ಅತ್ತೆ-ಮಾವ, ಮಕ್ಕಳು ಮತ್ತು ಖಾಲಿ ಕಾಲೇಜು ಊರು

ಊರಿಂದ ಅಪ್ಪ-ಅಮ್ಮನೋ ಅತ್ತೆ-ಮಾವನೋ ಆನ್ ಆರ್ಬರ್‌ಗೆ ಬರುವುದಿದ್ದರೆ, ಮೇ ಕೊನೆಯ ವಾರಕ್ಕೆ ಟಿಕೆಟ್ ಮಾಡಿಸಿ. ಜುಲೈಗೆ ಕರೆಸಿಕೊಂಡರೆ ಅರ್ಧ ಬೇಸಿಗೆ ಹೋಗೇ ಹೋಯಿತು.

ಇದು ಅಮೆರಿಕದ ಮಿಷಿಗನ್ ಯೂನಿವರ್ಸಿಟಿಯ ಊರು. ಜನಸಂಖ್ಯೆ ಸುಮಾರು ಒಂದೂಕಾಲು ಲಕ್ಷ, ಓದುವ ಹುಡುಗರೇ 50 ಸಾವಿರದಷ್ಟು. ಏಪ್ರಿಲ್ ಕೊನೆಗೆ ಪರೀಕ್ಷೆ ಮುಗಿಯುತ್ತದೆ, ಪದವಿ ಸಮಾರಂಭ ಆಗುತ್ತದೆ, ಹುಡುಗರು ಹೊರಡುತ್ತಾರೆ. ಆಮೇಲೆ ಸ್ಟೇಟ್ ಸ್ಟ್ರೀಟ್‌ನಲ್ಲಿ ವಯಸ್ಸಾದವರು ನಿಧಾನವಾಗಿ ನಡೆದರೂ ಹಿಂದಿನಿಂದ ಯಾರೂ ತಳ್ಳುವುದಿಲ್ಲ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂಕಾಲಿಗೆ. ಮಕ್ಕಳ ಶಾಲೆ ಜೂನ್ ಮಧ್ಯದ ತನಕ ಇರುತ್ತದೆ, ಹಾಗಾಗಿ ಮೊದಲ ಎರಡು ವಾರ ಹಿರಿಯರಿಗೇ ಮೀಸಲಿಡಿ.

ಜೆಟ್‌ಲ್ಯಾಗ್ ಇರುವಾಗ ಅವರಿಗೆ ಹೇಗೂ ಬೆಳಗಿನ ಜಾವ ಮೂರಕ್ಕೇ ಎಚ್ಚರ ಆಗುತ್ತದೆ. ಅದನ್ನು ಉಪಯೋಗಿಸಿಕೊಳ್ಳಿ. ಫ್ಲಾಸ್ಕ್‌ನಲ್ಲಿ ಕಾಫಿ ಹಾಕಿಕೊಂಡು ಆರೂವರೆಗೆ ನಿಕೋಲ್ಸ್ ಆರ್ಬೊರೇಟಮ್ ಎಂಬ ಮರಗಿಡಗಳ ತೋಟಕ್ಕೆ ಹೋಗಿ. ಎಲ್ಲರೂ ಅದನ್ನು 'ಆರ್ಬ್' ಅಂತಾರೆ. ವಾಷಿಂಗ್ಟನ್ ಹೈಟ್ಸ್ ಕಡೆಯ ಗೇಟಿನಿಂದಲೇ ಒಳಗೆ ಹೋಗಬೇಕು. ಪಿಯೊನಿ ತೋಟ ಅಲ್ಲೇ ಪಕ್ಕದಲ್ಲಿದೆ, ಹೆಚ್ಚು ನಡೆಯಬೇಕಿಲ್ಲ. ಇನ್ನೊಂದು ಗೇಟಿನಿಂದ ಹೋದರೆ ಏರು ಹತ್ತಬೇಕು, ಮೊಣಕಾಲಿಗೆ ಕಷ್ಟ. ಔಷಧಿ ಕಂಪನಿಯ ಡಬ್ಲ್ಯೂ. ಇ. ಅಪ್‌ಜಾನ್ 1922ರಲ್ಲಿ ಕೊಟ್ಟ ಗಿಡಗಳಿಂದ ಶುರುವಾದ ತೋಟ ಇದು, 1927ರಿಂದ ಜನರಿಗೆ ತೆರೆದಿದೆ. ಮೇ ಕೊನೆಯಿಂದ ಜೂನ್ ಮಧ್ಯದೊಳಗೆ ಹೂ ಬಿಟ್ಟು ಮುಗಿಯುತ್ತದೆ. ಒಂದು ಜೋರು ಮಳೆ ಬಂದರೆ ಅದಕ್ಕೂ ಮೊದಲೇ ಎಸಳೆಲ್ಲ ನೆಲದ ಮೇಲೆ. ಒಂದೊಂದು ಹೂ ಅಂಗೈಗಿಂತ ದೊಡ್ಡದು. ಅರಳದ ಮೊಗ್ಗಿನ ಮೇಲೆ ಇರುವೆ ಓಡಾಡುತ್ತಿರುತ್ತವೆ, ಮೊಗ್ಗಿನಿಂದ ಒಸರುವ ಸಿಹಿಗೆ. 'ಗೆಡ್ಡೆ ಸಿಕ್ಕಿದ್ರೆ ಶಿವಮೊಗ್ಗಕ್ಕೆ ಒಯ್ಯಬಹುದಲ್ವಾ' ಎಂಬ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಅತ್ತೆ ಬಂದಾಗಲೆಲ್ಲ ಕೇಳುತ್ತಾರೆ. ಈ ಗಿಡಕ್ಕೆ ಕೊರೆಯುವ ಚಳಿಗಾಲ ಬೇಕು, ಆಮೇಲೇ ಅದು ಹೂ ಬಿಡುವುದು ಅಂತ ಹೇಳಿ ಮುಗಿಸಿ.

ಈಗ ಮ್ಯೂಸಿಯಂ ವಿಷಯಕ್ಕೆ ಬರುತ್ತೇನೆ. ಯೂನಿವರ್ಸಿಟಿಯ ಮೂರು ದೊಡ್ಡ ಮ್ಯೂಸಿಯಂಗಳಿಗೂ ಪ್ರವೇಶ ಪುಕ್ಕಟೆ. ಪುಕ್ಕಟೆ ಅಂತಾನೇ ಜನ ತಪ್ಪು ಮಾಡುವುದು. ಹೇಗೂ ದುಡ್ಡಿಲ್ಲವಲ್ಲ ಅಂತ ಮೂರನ್ನೂ ಒಂದೇ ದಿನ ತೋರಿಸಿ, ಸಂಜೆ ಹೊತ್ತಿಗೆ ಹಿರಿಯರಿಗೆ ಕಾಲುನೋವು, ಮಕ್ಕಳಿಗೆ ಸಿಟ್ಟು, ನಿಮಗೆ ತಲೆನೋವು. ದುಡ್ಡು ಕೊಡದೆ ಹೋಗುವ ಜಾಗದ ಲಾಭ ಇರುವುದೇ ಬೇಗ ಎದ್ದು ಬರಬಹುದು ಎನ್ನುವುದರಲ್ಲಿ. ದಿನಕ್ಕೆ ಒಂದು ಕಟ್ಟಡ, ಒಂದು ಗಂಟೆ, ನೋಡಲು ಎರಡು ಮೂರು ವಸ್ತು. ಅಷ್ಟೇ. ಮತ್ತೆ ಇನ್ನೊಂದು ದಿನ ಬಂದರಾಯಿತು. ಪುರಾತನ ವಸ್ತುಗಳ ಕೆಲ್ಸಿ ಮ್ಯೂಸಿಯಂ ಮತ್ತು ಆರ್ಟ್ ಮ್ಯೂಸಿಯಂ ಸೋಮವಾರ ಮುಚ್ಚಿರುತ್ತವೆ. ಸಮಯ ಆಗಾಗ ಬದಲಾಗುತ್ತದೆ, ಹೊರಡುವ ಮೊದಲು ವೆಬ್‌ಸೈಟ್ ನೋಡಿ. ಭಾನುವಾರ ರಸ್ತೆ ಬದಿಯ ಮೀಟರ್‌ಗೆ ದುಡ್ಡು ಹಾಕಬೇಕಿಲ್ಲ.

ಮೊದಲು ಕೆಲ್ಸಿ. ಸ್ಟೇಟ್ ಸ್ಟ್ರೀಟ್‌ನಲ್ಲಿ ಕೋಟೆ ಥರ ಕಾಣುವ ಕಲ್ಲಿನ ಕಟ್ಟಡ. ಚಿಕ್ಕದು, ತಂಪಾಗಿದೆ. ಮಕ್ಕಳು ನೇರ ಓಡುವುದು ಜೆಹುಟಿಮೋಸ್ ಎಂಬ ಈಜಿಪ್ಟ್ ಪೂಜಾರಿಯ ಶವಪೆಟ್ಟಿಗೆಯ ಹತ್ತಿರ. ಸುಮಾರು 2600 ವರ್ಷ ಹಳೆಯದು, ಬಣ್ಣ ಇನ್ನೂ ಇದೆ. ಅವರು ಅಲ್ಲಿರಲಿ. ನೀವು ಹಿರಿಯರನ್ನು ಕರಾನಿಸ್ ಊರಿನ ಬೀರುಗಳ ಹತ್ತಿರ ಕರೆದುಕೊಂಡು ಹೋಗಿ. 1924ರಿಂದ 1935ರವರೆಗೆ ಈ ಯೂನಿವರ್ಸಿಟಿಯವರೇ ಈಜಿಪ್ಟಿನಲ್ಲಿ ಅಗೆದ ಊರು ಅದು. ರಾಜರ ಊರಲ್ಲ, ರೈತರ ಊರು. ಮರಳು ಒಣಗಿದ್ದರಿಂದ ಮರ, ನೂಲು, ಹುಲ್ಲು ಎಲ್ಲ ಕೊಳೆಯದೆ ಉಳಿದಿದೆ. ಬುಟ್ಟಿ, ಆಟದ ಸಾಮಾನು, ಮರದ ಬಾಚಣಿಗೆ. ಬಾಚಣಿಗೆಗೆ ಎರಡೂ ಕಡೆ ಹಲ್ಲು. ಒಂದು ಕಡೆ ಅಗಲ, ಇನ್ನೊಂದು ಕಡೆ ಒತ್ತೊತ್ತು. ಒತ್ತು ಹಲ್ಲು ಯಾತಕ್ಕೆ ಅಂತ ನಮ್ಮ ಅತ್ತೆಗೆ ಯಾವ ಬೋರ್ಡೂ ಹೇಳಬೇಕಾಗಲಿಲ್ಲ. 'ಹೇನಿಗೆ' ಅಂದರು. ಮೊಮ್ಮಗಳು ತಲೆ ಕೆರೆದುಕೊಂಡಳು. ಗುಡಿ, ಕಿರೀಟ, ಚಿನ್ನ ನೋಡಿ ಬೇಸತ್ತ ಹಿರಿಯರಿಗೆ ಇಂಥ ಮನೆಸಾಮಾನು ಹಿಡಿಸುತ್ತದೆ. ಅವರಿಗೇ ಮಾತಾಡಲು ಬಿಡಿ, ನೀವು ಗೈಡ್ ಆಗಲು ಹೋಗಬೇಡಿ.

ರಸ್ತೆ ದಾಟಿ ಸ್ವಲ್ಪ ಮುಂದೆ ಹೋದರೆ ಆರ್ಟ್ ಮ್ಯೂಸಿಯಂ, ಎಲ್ಲರ ಬಾಯಲ್ಲಿ 'ಉಮ್ಮಾ'. ಹೊರಗೆ ಮಾರ್ಕ್ ಡಿ ಸುವೆರೋ ಮಾಡಿದ ಕೆಂಪು ಉಕ್ಕಿನ ದೊಡ್ಡ ಶಿಲ್ಪ ಇದೆ, ಗುರುತು ತಪ್ಪುವುದಿಲ್ಲ. ಹಳೆಯ ಕಟ್ಟಡ 1910ರದ್ದು, ಹೊಸ ಭಾಗ 2009ರಲ್ಲಿ ತೆರೆದದ್ದು. ಕೋಣೆಗಳಲ್ಲಿ ಪ್ರದರ್ಶನ ಬದಲಾಗುತ್ತಿರುತ್ತದೆ, ಆದ್ದರಿಂದ ಯಾವುದು ಎಲ್ಲಿದೆ ಅಂತ ಡೆಸ್ಕ್‌ನಲ್ಲಿ ಕೇಳಿ. ವೀಲ್‌ಚೇರ್ ಸಿಗುತ್ತದಾ ಅಂತಲೂ ಅಲ್ಲೇ ಕೇಳಿ, ನಾಚಿಕೆ ಬೇಡ.

ನಾನು ಕೇಳಿ ಹುಡುಕುವುದು 'ನಿಡಿಯಾ' ಎಂಬ ಅಮೃತಶಿಲೆಯ ಹುಡುಗಿಯನ್ನು. ಕೆತ್ತಿದವರು ರಾಂಡಾಲ್ಫ್ ರೋಜರ್ಸ್, ಇದೇ ಊರಿನಲ್ಲಿ ಬೆಳೆದವರು. ಪಾಂಪೆಯಲ್ಲಿ ಜ್ವಾಲಾಮುಖಿ ಸಿಡಿದು ಊರೆಲ್ಲ ಕತ್ತಲಾಗಿದೆ. ಕಣ್ಣು ಕಾಣದ ಈ ಹುಡುಗಿಗೆ ಮಾತ್ರ ಕತ್ತಲು ಹೊಸದಲ್ಲ. ಕೋಲು ಊರಿಕೊಂಡು, ಮುಂದಕ್ಕೆ ಬಾಗಿ, ಕಿವಿಯ ಹತ್ತಿರ ಕೈ ಇಟ್ಟು ಕೇಳಿಸಿಕೊಳ್ಳುತ್ತಾ ಹೋಗುತ್ತಿದ್ದಾಳೆ. ಗಾಳಿಗೆ ಬಟ್ಟೆ ಕಾಲಿಗೆ ಸುತ್ತಿಕೊಂಡಿದೆ. ಅವಳ ಪಾದದ ಹತ್ತಿರ ಬಿದ್ದಿರುವ ಕಂಬದ ತಲೆ ನೋಡಿ, ಬೇಗ ಕಣ್ಣಿಗೆ ಬೀಳುವುದಿಲ್ಲ. ಮಕ್ಕಳಿಗೆ ಕಥೆ ಮೊದಲೇ ಹೇಳಬೇಡಿ. 'ಇವಳು ಏನು ಮಾಡ್ತಿದಾಳೆ?' ಅಂತ ಕೇಳಿ. ಒಂದು ಸುತ್ತು ಬಂದು ಹಿಂದಿನಿಂದಲೂ ನೋಡಲಿ. ಕಣ್ಣು ಮುಚ್ಚಿದೆ ಅಂತ ಅವರೇ ಕಂಡುಹಿಡಿಯುತ್ತಾರೆ. ಆಮೇಲೆ ಫ್ರೆಂಚ್ ಚಿತ್ರಕಾರ ಮೋನೆಯ 'ಮಂಜುಗಡ್ಡೆ ಒಡೆಯುವುದು', 1880ರ ಚಿತ್ರ. ಮೈಕೊರೆಯುವ ಚಳಿಯ ಚಿತ್ರವನ್ನು ಜೂನ್ ಬಿಸಿಲಿನಿಂದ ಬಂದು ನೋಡುವುದೇ ಒಂದು ಮಜಾ.

ಇದೇ ಕ್ಯಾಂಪಸ್‌ನಲ್ಲಿ ಕಲೆಯ ಇತಿಹಾಸ ಕಲಿಸುತ್ತಿದ್ದವರು ವಾಲ್ಟರ್ ಸ್ಪಿಂಕ್. ಅಜಂತಾಗೆ ಜೀವಮಾನ ಕೊಟ್ಟ ಮನುಷ್ಯ. ಅಲ್ಲಿನ ಬಹುಪಾಲು ಗುಹೆಗಳು ನೂರಾರು ವರ್ಷ ಅಲ್ಲ, ವಾಕಾಟಕ ದೊರೆ ಹರಿಷೇಣನ ಕಾಲದ ಕೆಲವೇ ವರ್ಷಗಳಲ್ಲಿ ಆದವು ಅಂತ ವಾದ ಮಾಡಿದವರು. 2019ರಲ್ಲಿ ತೀರಿಕೊಂಡರು. ಕಾಲೇಜು ದಿನಗಳಲ್ಲಿ ಅಜಂತಾ ಟೂರ್ ಹೋಗಿದ್ದ ನಮ್ಮ ಮಾವನಿಗೆ ಇದನ್ನು ಹೇಳಿದ ಮೇಲೆ ಈ ಊರಿನ ಮೇಲೆ ಅವರ ಗೌರವ ಎರಡು ಪಟ್ಟಾಯಿತು.

ಹೊರಗೆ ಊಟಕ್ಕೆ ಜಾಗ ಬೇಕೆಂದರೆ ಆರ್ಟ್ ಮ್ಯೂಸಿಯಂ ಎದುರಿನ ಲಾ ಕ್ವಾಡ್, ಅಂದರೆ ಲಾ ಕಾಲೇಜಿನ ಅಂಗಳದ ಹುಲ್ಲುಹಾಸು. ಪುಳಿಯೋಗರೆ, ಮೊಸರನ್ನ, ನೀರಿನ ಬಾಟಲಿ. ಯಾರೂ ಏಳಿ ಅನ್ನುವುದಿಲ್ಲ.

ಮಕ್ಕಳಿಗೆ ರಜೆ ಬಂದ ಮೇಲೆ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಇಟ್ಟುಕೊಳ್ಳಿ. 2019ರಲ್ಲಿ ಹೊಸ ಬಯಾಲಜಿ ಕಟ್ಟಡಕ್ಕೆ ಬಂದಿದೆ. ಬಾಗಿಲ ಬಳಿ ಕಂಚಿನ ಪ್ಯೂಮಾಗಳು, ಫೋಟೋ ಇಲ್ಲದೆ ಯಾರೂ ಒಳಗೆ ಬರುವುದಿಲ್ಲ. ಒಳಗೆ ಸೂರಿನಿಂದ ತೂಗುವ ಉದ್ದನೆಯ ಅಸ್ಥಿಪಂಜರ ಬ್ಯಾಸಿಲೊಸಾರಸ್, ಹಳೇ ಕಾಲದ ತಿಮಿಂಗಿಲ. ಬಾಲದ ಕಡೆಗೆ ಹೋಗಿ ಕತ್ತೆತ್ತಿ ನೋಡಿ. ಇಷ್ಟು ದೊಡ್ಡ ಮೈಗೆ ಪುಟಾಣಿ ಹಿಂಗಾಲು! ನಡೆಯಲು ಆಗದಷ್ಟು ಚಿಕ್ಕದು, ಆದರೂ ಮೂಳೆ, ಬೆರಳು ಇವೆ. ನೆಲದ ಮೇಲೆ ನಾಲ್ಕು ಕಾಲಲ್ಲಿ ಓಡಾಡುತ್ತಿದ್ದ ಪ್ರಾಣಿ ನೀರಿಗಿಳಿದು ತಿಮಿಂಗಿಲ ಆಯಿತು ಅನ್ನುವುದಕ್ಕೆ ಸಾಕ್ಷಿ ಅದು. ಇಲ್ಲಿನ ಫಿಲಿಪ್ ಜಿಂಜೆರಿಚ್ ಈಜಿಪ್ಟ್, ಪಾಕಿಸ್ತಾನಗಳಲ್ಲಿ ಇಂಥವನ್ನು ಹುಡುಕಿದವರು, ಈ ಹಿಂಗಾಲಿನ ವಿಷಯ 1990ರಲ್ಲಿ ಪ್ರಕಟಿಸಿದವರಲ್ಲಿ ಒಬ್ಬರು.

ಮ್ಯಾಸ್ಟೊಡಾನ್ ಜೋಡಿ ನೋಡುವಾಗ ಹಲ್ಲು ಗಮನಿಸಿ. ಮ್ಯಾಸ್ಟೊಡಾನ್, ಮ್ಯಾಮತ್ ಎರಡೂ ಅಳಿದುಹೋದ ಆನೆ ಥರದ ಪ್ರಾಣಿಗಳು. ಮ್ಯಾಸ್ಟೊಡಾನ್ ಹಲ್ಲಿನ ಮೇಲೆ ದಪ್ಪ ಉಬ್ಬುಗಳು, ಸೊಪ್ಪು-ಕೊಂಬೆ ಜಗಿಯಲು. ಮ್ಯಾಮತ್‌ದು ಚಪ್ಪಟೆ, ಬೀಸುವ ಕಲ್ಲಿನ ಥರ ಗೆರೆ ಗೆರೆ, ಹುಲ್ಲು ಅರೆಯಲು. ಸಕ್ರೆಬೈಲಿನ ಆನೆಯ ದವಡೆ ಹಲ್ಲೂ ಹೀಗೇ ಗೆರೆ ಗೆರೆ, ಯಾಕಂದ್ರೆ ನಮ್ಮ ಏಷ್ಯಾದ ಆನೆ ಮ್ಯಾಮತ್‌ಗೆ ಹತ್ತಿರದ ನೆಂಟ. ಇಲ್ಲಿಂದ ಸ್ವಲ್ಪ ದೂರದ ಚೆಲ್ಸಿಯಲ್ಲಿ 2015ರಲ್ಲಿ ರೈತರೊಬ್ಬರು ಹೊಲದ ನೀರು ಬಸಿಯಲು ಅಗೆದಾಗ ಸಿಕ್ಕಿದ್ದೂ ಒಂದು ಮ್ಯಾಮತ್. ಪ್ಲಾನೆಟೋರಿಯಂಗೆ ಮಾತ್ರ ಬೇರೆ ಟಿಕೆಟ್. ಮಧ್ಯಾಹ್ನದ ಊಟ ಆದ ಮೇಲೆ ಹಿರಿಯರನ್ನು ಅಲ್ಲಿ ಕೂರಿಸಿದರೆ ಚೆನ್ನಾಗಿ ನಿದ್ದೆ ಮಾಡುತ್ತಾರೆ. ಅದಕ್ಕೂ ದುಡ್ಡು ಕೊಟ್ಟಂತೆ ಅಂದುಕೊಳ್ಳಿ.

ಮಕ್ಕಳು ಕುಣಿಯಲೇಬೇಕು ಅಂದ ದಿನ ನಾರ್ತ್ ಕ್ಯಾಂಪಸ್‌ಗೆ ಯೂನಿವರ್ಸಿಟಿ ಬಸ್ಸು ಹತ್ತಿ. ಅದಕ್ಕೂ ದುಡ್ಡಿಲ್ಲ. ಅಲ್ಲಿ ಮಾಯಾ ಲಿನ್ 1995ರಲ್ಲಿ ಮಾಡಿದ 'ವೇವ್ ಫೀಲ್ಡ್' ಇದೆ. ಮಣ್ಣು-ಹುಲ್ಲಲ್ಲೇ ಎಬ್ಬಿಸಿದ ಅಲೆಗಳು. ಹತ್ತಿ ಇಳಿದು ಓಡಾಡುತ್ತಾರೆ, ನೀವು ಒಂದು ಅಲೆಗೆ ಒರಗಿ ಕೂರಿ. ಇತ್ತ ಸೆಂಟ್ರಲ್ ಕ್ಯಾಂಪಸ್‌ನಲ್ಲಿ ಟೋನಿ ರೊಸೆಂಥಾಲ್ ಮಾಡಿದ ಕಪ್ಪು ಉಕ್ಕಿನ ಘನ ಇದೆ. ಒಂದು ಮೂಲೆಯ ಮೇಲೆ ನಿಂತಿದೆ, ತಳ್ಳಿದರೆ ತಿರುಗುತ್ತದೆ.

ಸಮ್ಮರ್ ಕ್ಯಾಂಪ್ ಬಗ್ಗೆ ಒಂದೇ ಮಾತು. ಚೆನ್ನಾಗಿರುವವು ಚಳಿಗಾಲದಲ್ಲೇ ಭರ್ತಿ ಆಗುತ್ತವೆ, ದುಬಾರಿಯೂ ಹೌದು. 1909ರಿಂದ ಇರುವ ಆರ್ಟ್ ಸೆಂಟರ್, ಶಾಲಾ ಇಲಾಖೆಯ 'ರೆಕ್ ಆಂಡ್ ಎಡ್', ಎರಡನ್ನೂ ಹಿಮ ಬೀಳುತ್ತಿರುವಾಗಲೇ ನೋಡಿಡಿ. ಸಿಗದಿದ್ದರೆ ಕೊರಗಬೇಡಿ. ಜಿಲ್ಲಾ ಲೈಬ್ರರಿಯ ಸಮ್ಮರ್ ಗೇಮ್ ಯಾವ ಕ್ಯಾಂಪ್‌ಗೂ ಕಡಿಮೆಯಿಲ್ಲ. 2011ರಲ್ಲಿ ಶುರುವಾದದ್ದು. ಊರಿನ ಪಾರ್ಕು, ಅಂಗಡಿ, ಮನೆಗಳ ಮುಂದಿನ ಹುಲ್ಲುಹಾಸಿನ ಮೇಲೆಲ್ಲ ಕೋಡ್ ಬರೆದ ಬೋರ್ಡು ಇಟ್ಟಿರುತ್ತಾರೆ. ಹುಡುಕಿ ವೆಬ್‌ಸೈಟಿನಲ್ಲಿ ಹಾಕಿದರೆ ಪಾಯಿಂಟು, ಪಾಯಿಂಟಿಗೆ ಬಹುಮಾನ. ತಾತ ಚೀಟಿಯಲ್ಲಿ ಬರೆದುಕೊಳ್ಳುವುದು, ಮೊಮ್ಮಗಳು ಓಡಿ ಹೋಗಿ ಓದಿ ಹೇಳುವುದು. ಸಂಜೆ ವಾಕಿಂಗ್ ಆಗಿಹೋಗುತ್ತದೆ, ಯಾರೂ ಬನ್ನಿ ಅಂತ ಕರೆಯಬೇಕಾಗಿಲ್ಲ. ಇದೇ ಲೈಬ್ರರಿಯಲ್ಲಿ ಪುಸ್ತಕ ಮಾತ್ರ ಅಲ್ಲ, ಚೌಕಟ್ಟು ಹಾಕಿದ ಚಿತ್ರ, ಟೆಲಿಸ್ಕೋಪ್ ಕೂಡ ಎರವಲು ಕೊಡುತ್ತಾರೆ. ಟೆಲಿಸ್ಕೋಪ್‌ಗೆ ಕ್ಯೂ ಜಾಸ್ತಿ, ಮೇ ತಿಂಗಳಲ್ಲೇ ಹೆಸರು ಹಾಕಿ.

ಜೂನ್‌ನಲ್ಲಿ ರಾಖಮ್ ಕಟ್ಟಡದ ಮುಂದೆ 'ಟಾಪ್ ಆಫ್ ದ ಪಾರ್ಕ್' ಸಂಗೀತ ಇರುತ್ತದೆ, ಪುಕ್ಕಟೆ. 1984ರಲ್ಲಿ ಶುರುವಾದ ಸಮ್ಮರ್ ಫೆಸ್ಟಿವಲ್‌ನ ಭಾಗ. ಮೊದಲು ಪಾರ್ಕಿಂಗ್ ಕಟ್ಟಡದ ತಾರಸಿಯ ಮೇಲೆ ನಡೆಯುತ್ತಿತ್ತು, ಅದಕ್ಕೇ ಆ ಹೆಸರು. ಮಡಚುವ ಕುರ್ಚಿ ಒಯ್ಯಿರಿ. ಸ್ಪೀಕರ್ ಹತ್ತಿರ ಬೇಡ, ಬರ್ಟನ್ ಟವರ್ ಮುಂದಿನ ಕಾರಂಜಿಯ ಕಡೆ ಹಾಕಿ. ಪಾಪ್ ಹಾಡು ಹಿಡಿಸದ ಹಿರಿಯರಿಗೆ ಟವರ್‌ನ ಕ್ಯಾರಿಲಾನ್ ಕೇಳಿಸಿ. ತೂಗುಹಾಕಿದ 50ಕ್ಕೂ ಹೆಚ್ಚು ಘಂಟೆಗಳ ವಾದ್ಯ ಅದು, ಮೇಲೆ ಕೂತ ಒಬ್ಬರು ಮರದ ಹಿಡಿಗಳನ್ನು ಮುಷ್ಟಿಯಿಂದ ಗುದ್ದಿ ನುಡಿಸುತ್ತಾರೆ.

ಇನ್ನು ಜುಲೈ, ಅಂದರೆ ಆರ್ಟ್ ಫೇರ್. 1960ರಲ್ಲಿ ಶುರುವಾಗಿ ಈಗ ಸುಮಾರು ಸಾವಿರ ಕಲಾವಿದರು ಬೀದಿಬೀದಿಗಳಲ್ಲಿ ಬಿಳಿ ಡೇರೆ ಹಾಕುತ್ತಾರೆ. ಗುರುವಾರದಿಂದ ಶನಿವಾರದವರೆಗೆ ಡೌನ್‌ಟೌನ್ ಪೂರ್ತಿ ಬಂದ್. ಬೆಂಗಳೂರಿನ ಚಿತ್ರಸಂತೆ ಒಂದು ಭಾನುವಾರಕ್ಕೆ ಮುಗಿಯುತ್ತದೆ, ಇದು ಮೂರು ದಿನ. ಅಲ್ಲಿ ಜನವರಿಯ ಹಿತವಾದ ಬಿಸಿಲು, ಇಲ್ಲಿ ಜುಲೈನ ಧಗೆ, ಜೊತೆಗೆ ಮಧ್ಯಾಹ್ನ ಗುಡುಗು ಮಳೆಯ ಭಯ. ಗುರುವಾರ ಅಥವಾ ಶುಕ್ರವಾರ ಬೆಳಿಗ್ಗೆ ಹತ್ತಕ್ಕೇ ಹೋಗಿ, ಒಂದಕ್ಕೆ ಮನೆಗೆ ಬನ್ನಿ. ಶನಿವಾರ ಬೇಡ. ಕಾರು ಪಾರ್ಕ್ ಆಂಡ್ ರೈಡ್‌ನಲ್ಲಿ ಬಿಟ್ಟು ಬಸ್ಸಲ್ಲಿ ಹೋಗಿ. ಕೊಡೆ ಇರಲಿ, ಬಿಸಿಲಿಗೂ ಆಯಿತು, ಮಳೆಗೂ ಆಯಿತು.

ಎಲ್ಲ ಡೇರೆ ನೋಡುವ ಹಟ ಬೇಡ. ಮಡಕೆ ಅಥವಾ ಮರದ ಅಚ್ಚು ಅಥವಾ ಗಾಜು, ಯಾವುದಾದರೂ ಒಂದನ್ನು ಮನೆಯಲ್ಲೇ ಆರಿಸಿಕೊಂಡು ಹೋಗಿ. ಅಂಗಡಿಯಲ್ಲಿ ಕೂತಿರುವವರೇ ಮಾಡಿದವರು. 'ಇದನ್ನು ಹೇಗೆ ಮಾಡಿದ್ರಿ?' ಅಂತ ಮಕ್ಕಳು ಕೇಳಿದರೆ ಬಹಳಷ್ಟು ಜನ ಖುಷಿಯಿಂದ ಹೇಳುತ್ತಾರೆ, ಕೆಲವರು ಉಳಿ, ಅಚ್ಚು ತೆಗೆದು ತೋರಿಸುತ್ತಾರೆ. ಕೇಳದೆ ಫೋಟೋ ತೆಗೆಯಬೇಡಿ. ಗಾಂಧಿ ಬಜಾರಿನ ಥರ ಚೌಕಾಸಿಯೂ ಬೇಡ. ಇದನ್ನು ಹಿರಿಯರಿಗೆ ಬಸ್ಸಲ್ಲೇ ಹೇಳಿಬಿಡಿ, ಡೇರೆಯೊಳಗೆ ಕನ್ನಡದಲ್ಲಿ ಪಿಸುಗುಟ್ಟಿದರೂ ಮುಖ ನೋಡಿದವರಿಗೆ ಗೊತ್ತಾಗುತ್ತದೆ. ದೊಡ್ಡ ಚಿತ್ರಗಳ ಬೆಲೆ ನೋಡಿ ರೂಪಾಯಿಗೆ ಗುಣಿಸಲು ಶುರುಮಾಡಿದರೆ ಕೈಹಿಡಿದು ಮುಂದೆ ಕರೆದುಕೊಂಡು ಹೋಗಿ. ಸಣ್ಣ ಪ್ರಿಂಟ್ ಕೊಳ್ಳಿ, ಸೂಟ್‌ಕೇಸಿನಲ್ಲಿ ಸೀರೆಗಳ ಮಧ್ಯೆ ಮಡಿಕೆಯಾಗದೆ ಹೋಗುತ್ತದೆ.

ಆಗಸ್ಟ್‌ನಲ್ಲಿ ಊರು ಜೊಂಪು ಹಿಡಿದಂತಿರುತ್ತದೆ. ಮ್ಯೂಸಿಯಂಗಳಲ್ಲಿ ನೋಡದೆ ಬಿಟ್ಟುಹೋದ ಕೋಣೆಗಳನ್ನು ಆಗ ನೋಡಿ. ಸಮ್ಮರ್ ಗೇಮ್ ಪಾಯಿಂಟನ್ನೂ ಆಗಲೇ ಖರ್ಚು ಮಾಡಿಬಿಡಿ. ಕೊನೆಯ ವಾರ ಹುಡುಗರು ಹಾಸಿಗೆ, ಫ್ರಿಜ್ ಹೊತ್ತ ಗಾಡಿಗಳಲ್ಲಿ ವಾಪಸ್ ಬರುತ್ತಾರೆ. ಆಮೇಲೆ ಸ್ಟೇಟ್ ಸ್ಟ್ರೀಟ್‌ನಲ್ಲಿ ಪಾರ್ಕಿಂಗ್ ಹುಡುಕಲು ಹೋಗಬೇಡಿ.