ಬಿದ್ರಿ ರಫ್ತು: ಆರ್ಡರ್ ಒಪ್ಪುವ ಮುನ್ನ ಕೈಗಳನ್ನು ಎಣಿಸಿ

ಬೀದರಿನಲ್ಲಿ ಬಿದ್ರಿಯ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಕರಕುಶಲ ಸಾಮಾನು) ರಫ್ತಿಗೆ ಹೊಸದಾಗಿ ಇಳಿಯುವವರು ಮೊದಲು ದಪ್ಪನೆಯ ಕ್ಯಾಟಲಾಗ್ ಮಾಡಿಸುತ್ತಾರೆ. ಬೇಡ. ಒಂದು ದೇಶ, ಒಂದು ಬಗೆಯ ಖರೀದಿದಾರ, ಮೂರ್ನಾಲ್ಕು ಸಾಮಾನು ಸಾಕು. ಹೊಸ ವಿನ್ಯಾಸ ಬಂದಾಗಲೆಲ್ಲ ಹೊಸ ಅಚ್ಚು, ಹೊಸ ನಕ್ಷೆ. ಕೈ ಪಳಗುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಹೂಜಿ, ಲೋಟ ಬೇಕೆಂದವರಿಗೆ ಅದು ಅಲಂಕಾರಕ್ಕಷ್ಟೇ ಎಂದು ಬರೆದುಕೊಡಿ. ಮೈಯ ಬಹುಪಾಲು ಸತುವಾದ್ದರಿಂದ ತಿನ್ನಲು, ಕುಡಿಯಲು ಬಳಸುವಂತಿಲ್ಲ.

ಇನ್ನು ಕೈಗಳ ಲೆಕ್ಕ. 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಎರಕ, ಅರ ಹಾಕುವುದು, ಮೈಲುತುತ್ತ ಬಳಿದು ನಕ್ಷೆ ಬರೆಯುವುದು, ಉಳಿಯ ಕೆತ್ತನೆ, ಬೆಳ್ಳಿ ತಂತಿ ಕೂರಿಸುವುದು, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪು ಹಿಡಿಸುವುದು. ಎರಕ ಬೇಗ ಮುಗಿಯುತ್ತದೆ, ಕೆತ್ತನೆ ಮತ್ತು ತಂತಿ ಕೆಲಸವೇ ತಡವಾಗುವುದು. ಒಂದು ಡಬ್ಬಿಗೆ ಈ ಎರಡಕ್ಕೇ ಒಬ್ಬರ 2 ದಿನ ಬೇಕು, ನಿಮ್ಮಲ್ಲಿ 4 ಜನ ಇದ್ದಾರೆ ಎಂದಿಟ್ಟುಕೊಳ್ಳಿ: ದಿನಕ್ಕೆ 2 ಡಬ್ಬಿ, 200ರ ಆರ್ಡರಿಗೆ 100 ಕೆಲಸದ ದಿನ. ಎರಕಕ್ಕೆ ಇನ್ನಿಬ್ಬರನ್ನು ಸೇರಿಸಿದರೆ ಅರ್ಧ ಮುಗಿದ ಮಾಲು ರಾಶಿ ಬೀಳುತ್ತದೆ, ಅಷ್ಟೇ. ಹಬ್ಬ, ಮದುವೆಯ ದಿನಗಳನ್ನೂ ಕಳೆದು ಗಡುವು ಕೇಳಿ.

ಹಣ ಸಿಕ್ಕಿಹಾಕಿಕೊಳ್ಳುವುದು ಬೆಳ್ಳಿಯಲ್ಲಿ. ದರಪಟ್ಟಿಯಲ್ಲಿ 'ಈ ಬೆಲೆ 7 ದಿನಕ್ಕೆ ಮಾತ್ರ' ಎಂದು ಹಾಕಿ. ಅರ್ಧ ಮುಂಗಡ ಬಂದ ದಿನವೇ ಆ ಆರ್ಡರಿನ ಬೆಳ್ಳಿ ಪೂರ್ತಿ ಕೊಂಡುಬಿಡಿ. ತಡಮಾಡಿದರೆ ದರದ ಏರಿಕೆ ನಿಮ್ಮ ಲಾಭವನ್ನು ತಿನ್ನುತ್ತದೆ.

ಕಾಗದಪತ್ರ ಅಷ್ಟು ಕಷ್ಟವಲ್ಲ. ಆಮದು-ರಫ್ತು ಮಾಡುವವರಿಗೆ ಬೇಕಾದ ಐಇಸಿ ಸಂಖ್ಯೆಗೆ ₹500. ಏನೂ ಬದಲಾಗದಿದ್ದರೂ ಪ್ರತಿ ವರ್ಷ ಏಪ್ರಿಲ್‌–ಜೂನ್‌ನಲ್ಲಿ ಅದನ್ನು ಆನ್‌ಲೈನ್‌ನಲ್ಲಿ ನವೀಕರಿಸದಿದ್ದರೆ ನಿಷ್ಕ್ರಿಯವಾಗುತ್ತದೆ. ಜಿಎಸ್‌ಟಿಯ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಪ್ರತಿ ಹಣಕಾಸು ವರ್ಷಕ್ಕೂ ಹೊಸದು. ಮರೆತರೆ ತೆರಿಗೆ ಮೊದಲು ಕಟ್ಟಿ, ಆಮೇಲೆ ವಾಪಸಿಗೆ ಕಾಯಬೇಕು. ಸಣ್ಣ ಪಾರ್ಸಲ್‌ಗಳಿಗೆ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರ (ಅಂಚೆ ಮೂಲಕ ರಫ್ತು ಮಾಡಿಸುವ ಕೇಂದ್ರ) ಸಾಕಾಗುತ್ತದೆ.

ಪ್ಯಾಕಿಂಗ್‌ನಲ್ಲಿ ಪತ್ರಿಕೆ ಸುತ್ತಬೇಡಿ (ಈ ಪುರವಣಿಯನ್ನೂ!), ರಬ್ಬರ್ ಬ್ಯಾಂಡ್ ಹಾಕಬೇಡಿ: ಎರಡರಿಂದಲೂ ಬೆಳ್ಳಿ ಕಂದುತ್ತದೆ. ತೆಳುವಾಗಿ ಎಣ್ಣೆ ಸವರಿ, ಆಮ್ಲರಹಿತ ಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ ಇಟ್ಟು ಮುಚ್ಚಿ. ಮರದ ಪೆಟ್ಟಿಗೆಯಾದರೆ ಕೀಟನಾಶ ಉಪಚಾರದ ಮುದ್ರೆ ಇರಲೇಬೇಕು, ಇಲ್ಲದಿದ್ದರೆ ಆಚೆ ಬಂದರಿನಲ್ಲಿ ತಡೆಯುತ್ತಾರೆ. ರಟ್ಟಿನ ಪೆಟ್ಟಿಗೆಗೆ ಈ ತಾಪತ್ರಯವಿಲ್ಲ.