ಮಳೆ ಬಡಿಯುವ ಗೋಡೆಗೆ ಬೋರ್ಡ್ ಹೊಡೆಸುವವರಿಗೆ
ಮಲೆನಾಡು, ಕರಾವಳಿ ಕಡೆ ಪಶ್ಚಿಮದ ಗೋಡೆಗೆ ಫೈಬರ್ ಸಿಮೆಂಟ್ ಬೋರ್ಡ್ ಹಾಕಿಸುತ್ತಿದ್ದರೆ ನೇರ ಗೋಡೆಗೇ ಒತ್ತಿ ಕೂರಿಸಬೇಡಿ. ಮೊದಲು ಒಂದಿಂಚು ದಪ್ಪದ ರೀಪು (ಉದ್ದನೆ ಪಟ್ಟಿ) ಮೇಲಿಂದ ಕೆಳಕ್ಕೆ ಹೊಡೆಸಿ, ಅದರ ಮೇಲೆ ಬೋರ್ಡ್ ಹಾಕಿಸಿ. ಕೆಳಗೂ ಮೇಲೂ ಸಂದಿ ತೆರೆದಿರಲಿ. ಗಾಳಿ ಮಳೆಗೆ ಎಷ್ಟೇ ಬಿಗಿ ಮಾಡಿದರೂ ಒಂದಿಷ್ಟು ನೀರು ಒಳಗೆ ನುಗ್ಗಿಯೇ ನುಗ್ಗುತ್ತದೆ. ಸಂದಿ ಇದ್ದರೆ ಅದು ಹಾಗೇ ಕೆಳಗಿಳಿದು ಹೋಗುತ್ತದೆ, ಉಳಿದ ತೇವ ಗಾಳಿಗೆ ಆರುತ್ತದೆ. ಅಂಟಿಕೊಂಡಿದ್ದರೆ ಅಲ್ಲೇ ನಿಂತು ಬೂಸ್ಟು ಹಿಡಿಯುತ್ತದೆ. ರೀಪು ಅಡ್ಡ ಹೊಡೆದರೆ ನೀರು ಅದರ ಮೇಲೆಯೇ ಕೂರುತ್ತದೆ, ಮೇಸ್ತ್ರಿಗೆ ಮೊದಲೇ ಹೇಳಿಬಿಡಿ. ಏಣು (ಉಬ್ಬು ಗೆರೆ) ಇರುವ ತಗಡಿನ ಶೀಟನ್ನು ಏಣು ಮೇಲಿಂದ ಕೆಳಕ್ಕೆ ಬರುವಂತೆ ಹಾಕಿದರೆ ಆ ಚಿಂತೆ ಕಡಿಮೆ, ಏಣಿನ ಸಂದಿಯಲ್ಲೇ ಗಾಳಿ ಆಡುತ್ತದೆ. ಬೋರ್ಡ್ ಕತ್ತರಿಸಿದ ಅಂಚಿಗೆ ಪೇಂಟ್ ಹೊಡೆಯಲೇಬೇಕು, ನೀರು ಹೀರುವುದು ಅಲ್ಲಿಂದಲೇ ಜಾಸ್ತಿ. ಕೆಳಗಿನ ಸಂದಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ, ಇಲ್ಲದಿದ್ದರೆ ಇಲಿ ಸಂಸಾರ ಹೂಡುತ್ತದೆ! ನೆಲದಿಂದ ತೇವ ಏರುವ ಗೋಡೆಗೆ, ಸೂರು ಸೋರುವ ಮನೆಗೆ ಇದು ಉಪಯೋಗವಿಲ್ಲ. ಸುಮ್ನೆ ಕಲೆ ಮುಚ್ಚಿದಂತೆ ಅಷ್ಟೇ. ಸಮುದ್ರ ಹತ್ತಿರವಿದ್ದರೆ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು ಬೇಗ ತುಕ್ಕು ಹಿಡಿಯುತ್ತದೆ, ಅಲ್ಯುಮಿನಿಯಂ ನೋಡಿ. ಮೊಳೆಯ ಬದಲು ಸ್ಟೇನ್‌ಲೆಸ್ ಸ್ಕ್ರೂ ಕೇಳಿ.